ಹಳೆಯ ಪದ, ಹೊಸ ಗಿಟಾರು



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಾಲೇಜುಗಳಲ್ಲಿ ಓದುತ್ತಿರುವ ನಿಮ್ಮಲ್ಲಿ ಕೆಲವರಾದರೂ ಗಿಟಾರು ಕಲಿಯುತ್ತಿರಬಹುದು. ಎಂದಾದರೊಂದು ದಿನ ನಿಮ್ಮದೇ ಆಲ್ಬಂ ತರುವ ಆಸೆಯೂ ಇರಬಹುದು. ಅಂಥವರು 2008ರಲ್ಲಿ ಹೊರಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಕೇಳಬೇಕು. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿ ವಿಜ್ಞಾನ ಓದಿ, ಭರತನಾಟ್ಯವನ್ನೂ ಕಲಿತ ಈ ಗಾಯಕರು ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಷರೀಫರ (1819–1889) ಪದಗಳನ್ನು ತಂದು ಕೂರಿಸಿದರು. ಸೋರುವ ಮಾಳಿಗೆಯ ಪದ, ಹುಕ್ಕಾದ ಪದ ಗಿಟಾರಿನ ಜೊತೆ ಹೊರಟವು. ಸಿ. ಅಶ್ವತ್ಥ್ ಅವರ ಕಂಠದಲ್ಲಿ ಷರೀಫರನ್ನು ಕೇಳಿ ಬೆಳೆದ ಹಿರಿಯರಲ್ಲಿ ಕೆಲವರಿಗೆ ಇದು ರುಚಿಸದಿದ್ದರೆ ಆಶ್ಚರ್ಯವಿಲ್ಲ. ನನಗಂತೂ ಅದರಲ್ಲಿ ಅಪಚಾರ ಕಾಣಲಿಲ್ಲ.

ಅಮೆರಿಕದಲ್ಲಿ ‘ಕಂಟ್ರಿ’ ಎಂಬ ಹಳ್ಳಿಗಾಡಿನ ಸಂಗೀತವೂ ಹೀಗೆಯೇ ಬೆರಕೆಯಿಂದ ಹುಟ್ಟಿದ್ದು. ಅದರ ಪಿಟೀಲು ಯೂರೋಪಿನಿಂದ ಬಂತು. ಬ್ಯಾಂಜೊ ವಾದ್ಯದ ಮೂಲ, ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕನ್ನರದು. 1927ರಲ್ಲಿ ಟೆನೆಸಿ, ವರ್ಜೀನಿಯಾ ರಾಜ್ಯಗಳ ಗಡಿಯ ಮೇಲಿರುವ ಬ್ರಿಸ್ಟಲ್ ಎಂಬ ಊರಿಗೆ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಬಂದು ಸುತ್ತಲಿನ ಹಾಡುಗಾರರನ್ನು ಧ್ವನಿಮುದ್ರಿಸಿಕೊಂಡರು. ಜಿಮ್ಮಿ ರಾಜರ್ಸ್, ಕಾರ್ಟರ್ ಕುಟುಂಬ ಬೆಳಕಿಗೆ ಬಂದದ್ದು ಅಲ್ಲಿಂದ. ಮುಂದೆ ಎ. ಪಿ. ಕಾರ್ಟರ್ ಹಳ್ಳಿ ಹಳ್ಳಿ ಸುತ್ತಿ ಹಾಡು ಕೂಡಿಸಿದರು. ಜೊತೆಗೆ ಹೋಗಿ ಮಟ್ಟುಗಳನ್ನು ನೆನಪಿನಲ್ಲಿ ಹೊತ್ತು ತಂದವರು ಲೆಸ್ಲಿ ರಿಡಲ್ ಎಂಬ ಕಪ್ಪು ಸಂಗೀತಗಾರ. ಹಾಡುಗಳ ಮೇಲೆ ನಿಂತದ್ದು ಮಾತ್ರ ಕಾರ್ಟರ್ ಹೆಸರು.

ನಮ್ಮ ತತ್ವಪದಗಳಲ್ಲಿ ಹಾಗೆ ಹೆಸರು ಅಳಿಸುವುದು ಸುಲಭವಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರನ್ನೇ ನೋಡಿ. ಬಳೆ ಮಾರುವ ಮನೆತನದ ಈ ನಾರಾಯಣಪ್ಪನವರು ತೆಲುಗು, ಕನ್ನಡ ಎರಡರಲ್ಲೂ ಹಾಡಿದರು. ನಿಮ್ಮ ಸೀಮೆಯ ಮನೆಮಾತುಗಳೂ ಅವೇ ಅಲ್ಲವೆ? ಅವರ ಪದದ ಕೊನೆಯಲ್ಲಿ ‘ಅಮರನಾರೇಯಣ’ ಎಂಬ ಅಂಕಿತ ಬರುತ್ತದೆ. ರಾಗ ಬದಲಿಸಿ, ವಾದ್ಯ ಬದಲಿಸಿ, ಆ ಅಂಕಿತ ಪದ ಯಾರದೆಂದು ಹೇಳುತ್ತಲೇ ಇರುತ್ತದೆ. ಮೂರು ನಿಮಿಷದ ಹಾಡಾಗಲೆಂದು ಕೊನೆಯ ಚರಣ ಕತ್ತರಿಸಿದರೆ ಮೊದಲು ಹೋಗುವುದೂ ಅದೇ!

ಇನ್ನೊಂದು ಮಾತು, ಗಿಟಾರು ಹಿಡಿದವರಿಗೆ. ತಂಬೂರಿ ಒಂದೇ ಶ್ರುತಿಯಲ್ಲಿ ಮಿಡಿಯುತ್ತಿರುತ್ತದೆ. ಭಜನೆಯಲ್ಲಿ ತಾಳ, ದಮ್ಮಡಿ ಏನೇ ಸೇರಿದರೂ ಪದ ಆ ಶ್ರುತಿ ಬಿಟ್ಟು ಕದಲುವುದಿಲ್ಲ. ಗಿಟಾರಿನಲ್ಲಿ ಸಾಲಿಗೊಂದು ಕಾರ್ಡ್ ಬದಲಿಸುತ್ತ ಹೋದರೆ ಹಾಡುವವರ ಗಮಕ ಅದರ ಹಿಂದೆ ಓಡಬೇಕಾಗುತ್ತದೆ. ಮೊದಲಿಗೆ ಷಡ್ಜ, ಪಂಚಮದ ಎರಡು ತಂತಿಗಳನ್ನಷ್ಟೇ ಮೀಟಿ, ಊರಿನ ಭಜನೆ ಮಂಡಳಿಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ಹಾಡಿಸಿ ನೋಡಿ. ಎಲ್ಲಿ ಕಾರ್ಡ್ ಬೇಕು, ಎಲ್ಲಿ ಬೇಡ ಎಂಬುದನ್ನು ಅವರ ದನಿಯೇ ತೋರಿಸಿಕೊಡುತ್ತದೆ.