ಮಿತ್ರರೂ ಮಿತ್ರಕಾರ್ಯವೂ

ರೋಣದ ನೆರೆಯಲ್ಲಿ ಸವಡಿ ಎಂಬ ಊರಿದೆ. ನರೇಗಲ್ಲಿನವರಾದ ನಮಗೆ ಅದು ನೆರೆಯೂರು. ಹಿಂದೆ ಕಿಸುಕಾಡು ನಾಡಿನಲ್ಲಿದ್ದ ಸಯ್ಯಡಿ ಎಂಬ ಅಗ್ರಹಾರ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹನ್ನೊಂದನೆಯ ಶತಮಾನದಲ್ಲಿ ಆ ಊರಿನ ದುರ್ಗಸಿಂಹನು ಚಾಲುಕ್ಯ ಚಕ್ರವರ್ತಿ ಜಗದೇಕಮಲ್ಲ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದನು. ಯಾರೊಡನೆ ಸಂಧಿ, ಯಾರೊಡನೆ ಯುದ್ಧ ಎಂಬುದನ್ನು ನೋಡಿಕೊಳ್ಳುವ ಹುದ್ದೆ ಅದು. ಅಂಥವನು ಕನ್ನಡದಲ್ಲಿ ರಚಿಸಿದ ಪಂಚತಂತ್ರದ ಐದು ಪ್ರಕರಣಗಳ ಹೆಸರುಗಳನ್ನು ನೋಡಿರಿ: ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ. ಮಿತ್ರಕಾರ್ಯ ಎಲ್ಲಕ್ಕೂ ಕೊನೆಗೆ ಬರುತ್ತದೆ. ಉಳಿದ ನಾಲ್ಕನ್ನು ಕಂಡುಂಡವನಿಗೇ ಅದರ ಬೆಲೆ ತಿಳಿದೀತು.

ಭಯೋತ್ಪಾದನೆಯನ್ನು ಒಗ್ಗಟ್ಟಿನಿಂದ ಎದುರಿಸುತ್ತೇವೆ ಎಂದು ರಾಷ್ಟ್ರನಾಯಕರು ಕೈಕುಲುಕಿದ ಸುದ್ದಿಯನ್ನು ನೀವು ರೇಡಿಯೋದಲ್ಲಿ ಎಷ್ಟೋ ಬಾರಿ ಕೇಳಿದ್ದೀರಿ. ಕೆಲವೇ ದಿನಗಳಲ್ಲಿ ಅವರವರೊಳಗೇ ಮುನಿಸು ಹುಟ್ಟಿದ ಸುದ್ದಿಯನ್ನೂ ಕೇಳಿದ್ದೀರಿ. ಎಲ್ಲರಿಗೂ ಬೇಡವಾದವನನ್ನು ಹಿಡಿಯಲು ಎಲ್ಲರೂ ಕೂಡುವುದು ಇಷ್ಟು ಕಷ್ಟವೇಕೆ? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. 1800ನೆಯ ಇಸವಿಯ ಮಳೆಗಾಲದಲ್ಲಿ ನಮ್ಮ ಈ ಎರೆಹೊಲಗಳ ಸುತ್ತಮುತ್ತಲೇ ನಡೆದ ಒಂದು ಬೇಟೆಯ ಕಥೆಯನ್ನು ನೆನೆದರೆ ಸಾಕು.

ಆಗ ನಮ್ಮ ಕಡೆಯ ನಾಡು ಮರಾಠರ ಆಳಿಕೆಯಲ್ಲಿತ್ತು. ಪುಣೆಯಲ್ಲಿ ಎರಡನೆಯ ಬಾಜೀರಾಯ ಪೇಶ್ವೆಯಾಗಿದ್ದನು. ಪೂರ್ವಕ್ಕೆ ಗಜೇಂದ್ರಗಡವನ್ನು ದಾಟಿದರೆ ಹನುಮಸಾಗರ, ಕುಷ್ಟಗಿಗಳು ನಿಜಾಮನವು. ದಕ್ಷಿಣಕ್ಕೆ ತುಂಗಭದ್ರೆಯ ಆಚೆ, ಕಂಪನಿ ಸರಕಾರದ ಹಿಡಿತದಲ್ಲಿದ್ದ ಮೈಸೂರು. ಹೀಗೆ ಮೂವರು ದೊರೆಗಳ ಗಡಿ ಕೂಡುವ ನೆಲ ಇದು. ಒಬ್ಬನ ಸೀಮೆಯಲ್ಲಿ ಲೂಟಿ ಮಾಡಿ ಇನ್ನೊಬ್ಬನ ಸೀಮೆಯಲ್ಲಿ ಮಲಗುವವನಿಗೆ ಇದಕ್ಕಿಂತ ಒಳ್ಳೆಯ ಠಾವು ಎಲ್ಲಿ ಸಿಕ್ಕೀತು?

ಅಂಥವನೊಬ್ಬನಿದ್ದ; ಚನ್ನಗಿರಿಯ ಧೋಂಡಿಯ ವಾಘ್. ಹೈದರನ ಸೈನ್ಯದಲ್ಲಿ ಕುದುರೆ ಸವಾರನಾಗಿದ್ದವನು. ಮುಂದೆ ದಂಡು ಕಟ್ಟಿಕೊಂಡು ಧಾರವಾಡದ ಸೀಮೆಯನ್ನು ಸುಲಿದು, ಕೊನೆಗೆ ಟಿಪ್ಪುವಿನ ಸೆರೆಮನೆ ಸೇರಿದ್ದ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬಿಡುಗಡೆಯಾಗಿ ಬಂದು, ಮತ್ತೆ ದಂಡು ಕೂಡಿಸಿ ಬಿದನೂರಿನ ಸೀಮೆಯನ್ನು ಹಿಡಿದ. ಕಂಪನಿಯ ಪಡೆ ಅವನನ್ನು ಶಿಕಾರಿಪುರದಲ್ಲಿ ಸೋಲಿಸಿ ಬೆನ್ನಟ್ಟಿತು. ಆದರೆ ಮರಾಠರ ಗಡಿ ಬಂದೊಡನೆ ನಿಂತುಬಿಟ್ಟಿತು, ಏಕೆಂದರೆ ಪೇಶ್ವೆಯ ಅಪ್ಪಣೆ ಇರಲಿಲ್ಲ. ಧೋಂಡಿಯ ಉಳಿದುಕೊಂಡ. ಮರುವರ್ಷ ಹತ್ತು ಪಟ್ಟು ಮೆರೆದು, ತನ್ನನ್ನು ಎರಡು ಲೋಕಗಳ ಒಡೆಯನೆಂದು ಕರೆಸಿಕೊಂಡ.

ಪುಣೆಯಿಂದ ಅಪ್ಪಣೆ ಬಂದದ್ದು ಆಮೇಲೆ, ಒಲ್ಲದ ಮನಸ್ಸಿನಿಂದ. ಪೇಶ್ವೆಯ ಸಂಕಟವೂ ಸುಳ್ಳಲ್ಲ. ಕಳ್ಳನನ್ನು ಹಿಡಿಯಲು ಬಂದ ನೆರೆಯವನು ಅಂಗಳದಲ್ಲೇ ಕೂತುಬಿಟ್ಟರೆ? ಇತ್ತ ಪೇಶ್ವೆಗೂ ಅವನ ಸರದಾರರಾದ ಪಟವರ್ಧನರಿಗೂ ಪರಸ್ಪರ ನಂಬಿಕೆ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಮಾತು ನಮ್ಮಲ್ಲಿ ಉಂಟಲ್ಲ, ಆ ಸ್ಥಿತಿ.

1800ರ ಜೂನ್ ತಿಂಗಳಲ್ಲಿ ಆರ್ಥರ್ ವೆಲ್ಲೆಸ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದನು. ಹದಿನೈದು ವರ್ಷಗಳ ಮೇಲೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಅವನು ಕೂಡಿಕೊಳ್ಳುವ ಮೊದಲೇ ಮರಾಠ ಸೇನಾನಿ ಧೋಂಡೋಪಂತ ಗೋಖಲೆ, ಜೂನ್ 30ರಂದು, ಕಿತ್ತೂರಿನ ಕಡೆ ಧೋಂಡಿಯನ ದಾಳಿಗೆ ಸಿಕ್ಕಿ ಮಡಿದನು. ಅವನ ಬಂಧು ಬಾಪೂ ಗೋಖಲೆ ಉಳಿದ ಪಡೆಯೊಡನೆ ಹಳಿಯಾಳದತ್ತ ಸರಿದನು. ಮಿತ್ರರು ಬೇರೆ ಬೇರೆಯಾಗಿ ನಡೆದುದಕ್ಕೆ ತೆತ್ತ ಮೊದಲ ಬೆಲೆ ಇದು.

ಆಮೇಲೆ ಕೆಲಸ ಹದಕ್ಕೆ ಬಂತು. ಕುಂದಗೋಳ ಬಿತ್ತು, ಜುಲೈ 26ರಂದು ಡಂಬಳ ಬಿತ್ತು, ಮರುದಿನ ಗದಗಿನ ಕೋಟೆ ಬರಿದಾಗಿತ್ತು. ಜುಲೈ 30ರಂದು ಮಲಪ್ರಭೆಯ ದಡದಲ್ಲಿ, ಮುನವಳ್ಳಿಯ ಎದುರಿಗೆ, ಧೋಂಡಿಯನ ಬಿಡಾರ ಸೂರೆಯಾಯಿತು. ತುಂಬಿದ ಹೊಳೆಯಲ್ಲಿ ಅನೇಕರು ಮುಳುಗಿ ಸತ್ತರು. ಗೆದ್ದ ಕೋಟೆಗಳನ್ನು ವೆಲ್ಲೆಸ್ಲಿ ಇಟ್ಟುಕೊಳ್ಳಲಿಲ್ಲ. ಮರಾಠ ಅಧಿಕಾರಿಗಳಿಗೆ ಒಪ್ಪಿಸುತ್ತ ಹೋದನು. ಮಿತ್ರರ ಶಂಕೆ ಅಷ್ಟರಮಟ್ಟಿಗೆ ತಗ್ಗಿತು.

ಸಪ್ಟೆಂಬರಿನಲ್ಲಿ ಬೇಟೆ ನಮ್ಮ ಬಾಗಿಲಿಗೇ ಬಂತು. ಜಾಲಿಹಾಳದ ಬಳಿ ಮಲಪ್ರಭೆಯನ್ನು ದಾಟಿದ ವೆಲ್ಲೆಸ್ಲಿ 5ರಂದು ಹನುಮಸಾಗರದಲ್ಲಿ ನಿಜಾಮನ ಸೀಮೆಯನ್ನು ಹೊಕ್ಕನು, 7ರಂದು ಕನಕಗಿರಿ. ತಾನು ದಕ್ಷಿಣಕ್ಕೆ, ಕರ್ನಲ್ ಸ್ಟೀವನ್ಸನ್ ಉತ್ತರಕ್ಕೆ, ಮರಾಠರ ಮತ್ತು ನಿಜಾಮನ ಕುದುರೆ ಸವಾರರು ಒಂದೇ ಗುಂಪಾಗಿ ನಡುವೆ. ಐದು ವರ್ಷ ಹಿಂದೆ, 1795ರಲ್ಲಿ, ಖರ್ಡಾದ ಬಯಲಿನಲ್ಲಿ ಮರಾಠರೂ ನಿಜಾಮನೂ ಪರಸ್ಪರ ಕತ್ತಿ ಎತ್ತಿದವರು. ಇಲ್ಲಿ ಒಂದೇ ಸಾಲಿನಲ್ಲಿ ಕುದುರೆ ನಡೆಸಿದರು. ಅಡಗಲು ಯಾವ ಗಡಿಯೂ ಉಳಿಯಲಿಲ್ಲ. ಸಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಧೋಂಡಿಯ ಕೊಲ್ಲಲ್ಪಟ್ಟನು.

ಈ ಪಾಠವನ್ನು ಹೇಳುತ್ತಿದ್ದಾಗ ನನ್ನ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, “ಸರ್, ಧೋಂಡಿಯ ಕಳ್ಳನೋ, ವೀರನೋ?” ಎಂದು ಕೇಳಿದಳು. ಕಂಪನಿಯ ಕಾಗದಗಳಲ್ಲಿ ಅವನು ದರೋಡೆಕೋರ. ಕಂಪನಿಗೆ ಎದುರು ನಿಂತ ಮೊದಲಿಗರಲ್ಲಿ ಒಬ್ಬನೆಂದು ಇಂದು ಬರೆಯುವವರೂ ಇದ್ದಾರೆ. ನಾನು ಅವಳಿಗೆ ಹೇಳಿದ್ದಿಷ್ಟೇ: ಹಗೇವಿನ ಜೋಳವನ್ನು ಕಳೆದುಕೊಂಡ ರೈತನನ್ನು ಕೇಳಬೇಕು ತಾಯಿ. ದೋಚಿದವನು ಯಾರ ಶತ್ರು ಎಂಬುದು ಅವನಿಗೆ ಎರಡನೆಯ ಮಾತು. ಇದೇ ಅಳತೆಯಿಂದ ದೊರೆಗಳ ದಂಡನ್ನೂ ಅಳೆಯಬೇಕಾಗುತ್ತದೆ. ರಾಣೆಬೆನ್ನೂರು, ಡಂಬಳಗಳಲ್ಲಿ ಹರಿದ ರಕ್ತ ಕಡಿಮೆಯದಲ್ಲ.

ಜಗತ್ತು ಇಂದಿಗೂ ತೊಡರುವುದು ಆ ಹುಡುಗಿಯ ಪ್ರಶ್ನೆಯಲ್ಲೇ. ಭಯೋತ್ಪಾದನೆಯ ವಿರುದ್ಧ ಸಮಗ್ರ ಒಪ್ಪಂದವೊಂದು ಆಗಲೆಂದು ಭಾರತವು 1996ರಲ್ಲಿ ವಿಶ್ವಸಂಸ್ಥೆಯ ಮುಂದೆ ಕರಡನ್ನಿಟ್ಟಿತು. ಭಯೋತ್ಪಾದಕನೆಂದರೆ ಯಾರು ಎಂಬ ವ್ಯಾಖ್ಯೆ ಕೂಡಿಬಾರದೆ ಅದು ಇನ್ನೂ ಕರಡಾಗಿಯೇ ಇದೆ. ಮಸೂದ್ ಅಜರನನ್ನು ವಿಶ್ವಸಂಸ್ಥೆಯ ಪಟ್ಟಿಗೆ ಸೇರಿಸುವ ಪ್ರಯತ್ನವನ್ನು ಚೀನಾ ವರ್ಷಗಟ್ಟಲೆ ತಡೆಹಿಡಿಯಿತು. ಅವನ ಹೆಸರು ಸೇರಿದ್ದು 2019ರ ಮೇ 1ರಂದು. ಅಮೆರಿಕವು ಪಾಕಿಸ್ತಾನವನ್ನು 2004ರಲ್ಲಿ ವಿಶೇಷ ಮಿತ್ರರಾಷ್ಟ್ರವೆಂದು ಸಾರಿತು. 2011ರಲ್ಲಿ ಒಸಾಮ ಬಿನ್ ಲಾಡೆನ್ ಸಿಕ್ಕಿದ್ದು ಅದೇ ಮಿತ್ರನ ಅಬೊಟಾಬಾದಿನಲ್ಲಿ. 1799ರಲ್ಲಿ ಗಡಿಯ ಗೆರೆಯ ಮೇಲೆ ನಿಂತುಹೋದ ಆ ಪಡೆ ನಿಮಗೆ ನೆನಪಾಗದಿರದು.

ಹಾಗಾದರೆ ಕೂಡಿ ನಡೆಯುವುದೇ ಬೇಡವೇ? ಹಾಗಲ್ಲ. 2008ರ ಮುಂಬಯಿ ದಾಳಿಯ ಆರೋಪಿ ತಹವ್ವುರ್ ರಾಣಾನನ್ನು ಅಮೆರಿಕ ಭಾರತಕ್ಕೆ ಒಪ್ಪಿಸಿದ್ದು 2025ರ ಏಪ್ರಿಲಿನಲ್ಲಿ. ಹದಿನಾರು ವರ್ಷ ಮೀರಿ ತಡವಾದರೂ ಅದು ಮಿತ್ರಕಾರ್ಯವೇ. ಒಂಟಿಯಾಗಿ ಅದು ಆಗುತ್ತಿರಲಿಲ್ಲ.

ಆದರೆ ನಮ್ಮ ಕಥೆಗೆ ಇನ್ನೊಂದು ಬಾಲವಿದೆ. ಧೋಂಡಿಯ ಸತ್ತ ಮರುತಿಂಗಳೇ, 1800ರ ಅಕ್ಟೋಬರಿನಲ್ಲಿ, ನಿಜಾಮನು ಕಂಪನಿಯ ಸೈನ್ಯದ ಖರ್ಚಿಗೆಂದು ಬಳ್ಳಾರಿ, ಅನಂತಪುರ, ಕಡಪಾ ಸೀಮೆಗಳನ್ನು ಬಿಟ್ಟುಕೊಟ್ಟನು. 1802ರ ಕೊನೆಯಲ್ಲಿ ಪೇಶ್ವೆ ವಸಯಿಯಲ್ಲಿ ಕಂಪನಿಯ ರಕ್ಷಣೆಗೆ ಕೈಯೊಡ್ಡಿದನು. 1818ರ ಆರಂಭದಲ್ಲಿ ಗದಗ, ಡಂಬಳ, ಬಾದಾಮಿ ಕೋಟೆಗಳು ಥಾಮಸ್ ಮನ್ರೋವಿನ ವಶವಾದವು. ಹದಿನೆಂಟು ವರ್ಷ ಹಿಂದೆ ಮಿತ್ರನಿಗೆಂದು ಗೆದ್ದುಕೊಟ್ಟ ಗದಗ, ಡಂಬಳ ಕೋಟೆಗಳನ್ನು ಕಂಪನಿ ಮಿತ್ರನಿಂದಲೇ ಗೆದ್ದುಕೊಂಡಿತು. ಅದೇ ಫೆಬ್ರವರಿಯಲ್ಲಿ ಬಾಪೂ ಗೋಖಲೆ ಅಷ್ಟಿಯಲ್ಲಿ ಕಂಪನಿಯ ವಿರುದ್ಧ ಕಾದಾಡುತ್ತ ಸತ್ತನು. ಪೇಶ್ವೆಗೆ ಮೊದಲು ಹುಟ್ಟಿದ್ದ ಅಂಜಿಕೆ ನಿಜವಾಯಿತು. ತನ್ನ ಸೀಮೆಯ ಕಳ್ಳನನ್ನು ತಾನೇ ಹಿಡಿಯಲಾರದ ದೊರೆ, ಹಿಡಿದುಕೊಟ್ಟವನಿಗೆ ಕೊನೆಗೆ ಸೀಮೆಯನ್ನೇ ತೆತ್ತನು.

ಇನ್ನು ಮುಂದೆ ರಾಷ್ಟ್ರಗಳು ಕೈಕುಲುಕಿದ ವಾರ್ತೆ ಬಂದಾಗ ನೀವು ಮನೆಯವರೊಂದಿಗೆ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಿರಿ. ಇವರೆಲ್ಲ ಒಬ್ಬನನ್ನೇ ಕಳ್ಳನೆನ್ನುತ್ತಾರೆಯೇ? ಅವನು ಅಡಗುವ ಗಡಿಯ ಬಾಗಿಲನ್ನು ತೆರೆಯುವ ಮನಸ್ಸು ಅಲ್ಲಿಯ ಒಡೆಯನಿಗೆ ಇದೆಯೇ? ಕೆಲಸ ಮುಗಿದ ಮೇಲೆ ಯಾರು ಏನನ್ನು ಹೊತ್ತು ಮನೆಗೆ ಹೋಗುತ್ತಾರೆ? ಮೂರಕ್ಕೂ ನೇರ ಉತ್ತರ ಸಿಕ್ಕಿದರೆ ಅದನ್ನು ಮಿತ್ರಕಾರ್ಯವೆಂದು ನಂಬಿರಿ. ಸಿಕ್ಕದಿದ್ದರೆ, ಸವಡಿಯ ಸಂಧಿವಿಗ್ರಹಿ ಅದಕ್ಕೆ ಮೊದಲು ಇಟ್ಟ ನಾಲ್ಕು ಪ್ರಕರಣಗಳಲ್ಲಿ ಅದು ಯಾವುದೆಂದು ನೀವೇ ಹುಡುಕಿಕೊಳ್ಳಿರಿ.