ಹೊಡೆದದ್ದು ನಮ್ಮವನಿಗೇ

ಇವತ್ತು ರಾಜಕೀಯ ಬೇಡ. ಇವತ್ತು ಒಂದು ಕಪಾಳಮೋಕ್ಷದ ವಿಷಯ ಮಾತಾಡೋಣ.

2025ರ ನವೆಂಬರ್ 24, ಸೋಮವಾರ. ಇಂಗ್ಲೆಂಡಿನ ಓಲ್ಡ್ ಟ್ರಾಫರ್ಡ್ ಮೈದಾನ. ಅಲ್ಲಿ ರಾತ್ರಿ ಎಂಟು, ನಮ್ಮಲ್ಲಿ ಆಗಲೇ ಮಂಗಳವಾರ ನಸುಕಿನ ಒಂದೂವರೆ. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಎವರ್ಟನ್. ಆಟ ಶುರುವಾಗಿ ಹದಿಮೂರನೇ ನಿಮಿಷ. ಎವರ್ಟನ್ ತಂಡದ ಇದ್ರಿಸಾ ಗೆಯೆ ತಮ್ಮ ಗೋಲಿನ ಹತ್ತಿರವೇ ಚೆಂಡು ಕಳೆದುಕೊಂಡ. ಎದುರಾಳಿ ಒದ್ದ ಚೆಂಡು ಗೋಲಿನ ಪಕ್ಕದಿಂದ ಹೊರಗೆ ಹೋಯ್ತು. ಬಚಾವ್! ಅಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ. ತಪ್ಪು ಯಾರದು ಅಂತ ಗೆಯೆಗೂ ಅದೇ ತಂಡದ ಮೈಕಲ್ ಕೀನ್‌ಗೂ ಮಾತಿಗೆ ಮಾತು ಬೆಳೀತು. ಗೆಯೆ ಕೈ ಎತ್ತಿದ. ಏಟು ಕೀನ್ ಮುಖಕ್ಕೆ ಬಿತ್ತು. ಗೋಲ್‌ಕೀಪರ್ ಪಿಕ್‌ಫರ್ಡ್ ಓಡಿ ಬಂದು ತಡೆದ. ಅಷ್ಟರಲ್ಲಿ ರೆಫರಿ ಜೇಬಿಗೆ ಕೈ ಹಾಕಿ ಆಗಿತ್ತು. ರೆಡ್ ಕಾರ್ಡ್.

ಎದುರಾಳಿಗೆ ಹೊಡೆದು ಹೊರಗೆ ಹೋದವರನ್ನ ನಾವು ಬೇಕಾದಷ್ಟು ಜನ ನೋಡಿದ್ದೀವಿ. ಇವನು ಹೊಡೆದದ್ದು ತನ್ನವನಿಗೇ.

ಈ ದೃಶ್ಯ ನೋಡಿದಾಗ ನನಗೆ ನೆನಪಾಗಿದ್ದು ಮ್ಯಾಂಚೆಸ್ಟರ್ ಅಲ್ಲ. ಚೋರನೂರು.

ಚೋರನೂರು ಗೊತ್ತಲ್ಲ? ಬಳ್ಳಾರಿ ಜಿಲ್ಲೆ, ಸಂಡೂರು ತಾಲ್ಲೂಕಿನ ಒಂದು ಹೋಬಳಿ. ಸಂಡೂರು ಅಂದ್ರೆ ನಮ್ಮ ಟಿವಿಯವರಿಗೆ ಬರೀ ಅದಿರು, ಲಾರಿ, ಕೆಂಪು ಧೂಳು. ಅದೇ ತಾಲ್ಲೂಕಿನ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ ಇದೆ. ಅದರ ಪಕ್ಕದಲ್ಲೇ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅನ್ನೋ ದೊಡ್ಡ ತರಬೇತಿ ಕೇಂದ್ರ ಇದೆ. ಒಲಿಂಪಿಕ್ಸ್ ಚಿನ್ನ ತಂದ ನೀರಜ್ ಚೋಪ್ರಾ ಅಲ್ಲಿ ಅಭ್ಯಾಸ ಮಾಡಿದ್ದಾರೆ. ನಮ್ಮ ಬೆಂಗಳೂರು ಎಫ್‌ಸಿ ತಂಡವೂ ಅದೇ ಜೆಎಸ್‌ಡಬ್ಲ್ಯು ಅವರದ್ದು. ಹಾಗಾಗಿ ಆ ಸೀಮೆಯ ಹುಡುಗರಿಗೆ ಫುಟ್‌ಬಾಲ್ ಪರದೇಶದ ಆಟ ಅಂತ ಅನ್ನಿಸೋದಿಲ್ಲ.

ಮ್ಯಾಂಚೆಸ್ಟರ್ ಪಂದ್ಯಕ್ಕೆ ಕೆಲವು ವಾರ ಮುಂಚೆ ಬೇರೆ ಯಾವುದೋ ವರದಿಗೆ ಅಂತ ಆ ಕಡೆ ಹೋಗಿದ್ದೆ. ಸಂಜೆ ಹೊತ್ತು. ಚೋರನೂರಿನ ಹೊರಗೆ ಒಂದು ಬಯಲು. ಕಲ್ಲಿಟ್ಟು ಗೋಲು ಮಾಡ್ಕೊಂಡು ಹುಡುಗರು ಆಡ್ತಾ ಇದ್ರು. ಸುಮ್ನೆ ನಿಂತು ನೋಡ್ತಾ ಇದ್ದೆ. ಒಬ್ಬ ಹುಡುಗ ಚೆಂಡು ತಗೊಂಡು ಒಬ್ಬನೇ ನುಗ್ಗಿದ, ಒದ್ದ, ಹೊರಗೆ ಹೋಯ್ತು. ಅವನದೇ ತಂಡದ ಇನ್ನೊಬ್ಬ ಓಡಿ ಬಂದ.

"ಯಾಕಲೇ, ನನಗ ಪಾಸ್ ಕೊಡಾಕ ಏನಾಗಿತ್ತು?"

"ನಿನಗ ಕೊಟ್ರ ನೀನೂ ಹೊರಗೇ ಒದೀತಿದ್ದಿ ಬಿಡಲೇ."

ಅಷ್ಟೇ. ಇಬ್ಬರೂ ಅಂಗಿ ಅಂಗಿ ಹಿಡ್ಕೊಂಡ್ರು. ಆಗ ನಾನೇನು ಮಾಡ್ದೆ ಹೇಳಿ? ಬಿಡಿಸೋಕೆ ಹೋದ್ನಾ? ಇಲ್ಲ. ಜೇಬಿನಿಂದ ಮೊಬೈಲ್ ತೆಗೆದು ವಿಡಿಯೋ ಮಾಡೋಕೆ ಶುರು ಮಾಡ್ದೆ. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಕೈ ತಾನಾಗೇ ಹೋಗುತ್ತೆ. ಈ ಹುಡುಗರ ಕಥೆಗೆ ಆಮೇಲೆ ಬರ್ತೀನಿ. ಅವರ ಮಾತು ಮಾತ್ರ ನೆನಪಿಟ್ಕೊಳ್ಳಿ: "ನನಗೆ ಯಾಕೆ ಪಾಸ್ ಕೊಡಲಿಲ್ಲ?"

ಯಾಕೆ ಅಂದ್ರೆ ಇಪ್ಪತ್ತು ವರ್ಷದ ಹಿಂದೆ, ಇಂಗ್ಲೆಂಡಿನಲ್ಲಿ, ಕೋಟಿಗಟ್ಟಲೆ ಸಂಬಳ ತಗೊಳ್ಳೋ ಇಬ್ಬರು ಇದೇ ಪ್ರಶ್ನೆಗೆ ಹೊಡೆದಾಡಿದ್ರು. 2005ರ ಏಪ್ರಿಲ್ 2. ನ್ಯೂಕ್ಯಾಸಲ್ ತಂಡದ ಸ್ವಂತ ಮೈದಾನ. ಎದುರಿಗೆ ಆಸ್ಟನ್ ವಿಲ್ಲಾ. ಐವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದಾರೆ, ಬಹುಪಾಲು ಮನೆ ಜನಾನೇ. ತಂಡದ ನಾಯಕ ಅಲನ್ ಶಿಯರರ್ ನಿವೃತ್ತಿ ಮುಂದಕ್ಕೆ ಹಾಕಿ ಇನ್ನೊಂದು ವರ್ಷ ಆಡ್ತೀನಿ ಅಂತ ಹಿಂದಿನ ದಿನ ತಾನೇ ಹೇಳಿದ್ದ. ಹಬ್ಬದ ವಾತಾವರಣ ಇರಬೇಕಿತ್ತು. ಆದ್ರೆ ಆಟದಲ್ಲಿ ನ್ಯೂಕ್ಯಾಸಲ್ 0–3 ಹಿಂದೆ. ಸ್ಟೀವನ್ ಟೇಲರ್ ಆಗಲೇ ರೆಡ್ ಕಾರ್ಡ್ ತಗೊಂಡು ಹೊರಗೆ ಹೋಗಿದ್ದಾನೆ. ಉಳಿದವರು ಹತ್ತು ಜನ.

ಆಗ ಲೀ ಬೋಯರ್, ತನ್ನದೇ ತಂಡದ ಕೀರನ್ ಡಯರ್ ಮೇಲೆ ರೇಗಿದ. ನನಗೆ ಪಾಸ್ ಕೊಡ್ತಿಲ್ಲ ಅಂತ. ಡಯರ್ ಸುಮ್ನಿರಲಿಲ್ಲ, ತಿರುಗಿ ಮಾತಾಡಿದ. ಬೋಯರ್ ನುಗ್ಗಿ ಹೊಡೆದ. ಡಯರ್ ತಾನೂ ಹೊಡೆದ. ಅಂಗಿ ಹರೀತು. ಬಿಡಿಸೋಕೆ ಬಂದವನು ಯಾರು ಗೊತ್ತಾ? ಎದುರಾಳಿ ತಂಡದ ಗರೆತ್ ಬ್ಯಾರಿ! ಮನೆಯವರ ಜಗಳವನ್ನ ಬೀದಿಯವನು ಬಂದು ಬಿಡಿಸೋ ಹಾಗಾಯ್ತು. ರೆಫರಿ ಇಬ್ಬರಿಗೂ ರೆಡ್ ಕಾರ್ಡ್ ತೋರಿಸಿದ. ಹನ್ನೊಂದು ಜನರ ಆಟ, ಉಳಿದದ್ದು ಎಂಟು ಜನ.

ಪಂದ್ಯದ ನಂತರ ಮ್ಯಾನೇಜರ್ ಗ್ರೇಮ್ ಸೂನೆಸ್ ಆ ಇಬ್ಬರನ್ನೂ ಎಡಕ್ಕೊಬ್ಬ ಬಲಕ್ಕೊಬ್ಬ ಕೂರಿಸ್ಕೊಂಡು ಪತ್ರಿಕಾಗೋಷ್ಠಿ ಮಾಡಿದ. ಇಬ್ಬರೂ ಕ್ಷಮೆ ಕೇಳಿದ್ರು. ಕ್ಲಬ್ಬು ಬೋಯರ್‌ಗೆ ಆರು ವಾರದ ಸಂಬಳ ದಂಡ ಹಾಕ್ತು. ಅವನಿಗೆ ಒಟ್ಟು ಏಳು ಪಂದ್ಯ ನಿಷೇಧ, ಡಯರ್‌ಗೆ ಮೂರು. ಅಷ್ಟಕ್ಕೇ ನಿಲ್ಲಲಿಲ್ಲ. ವಿಷಯ ಪೊಲೀಸರಿಗೆ ಹೋಯ್ತು, ಕೋರ್ಟಿಗೆ ಹೋಯ್ತು. 2006ರಲ್ಲಿ ಬೋಯರ್ ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಮೈದಾನದೊಳಗೆ ಹೊಡೆದ್ರೂ ಅದು ಅಪರಾಧವೇ ಅಂತ ಕಾನೂನು ಹೇಳಿದ ಹಾಗಾಯ್ತು.

ಈಗ ಒಂದು ಪ್ರಶ್ನೆ. ಆ ಜಗಳದಿಂದ ಆ ದಿನ ನ್ಯೂಕ್ಯಾಸಲ್ ಸೋಲ್ತಾ? ಇಲ್ಲ ಸ್ವಾಮಿ. ಅದಕ್ಕೂ ಮುಂಚೇನೇ ಸೋತಾಗಿತ್ತು. ಪೆಟ್ಟು ಬಿದ್ದದ್ದು ಆಮೇಲೆ. ಎರಡು ವಾರ ಕಳೆದು, ಏಪ್ರಿಲ್ 17ಕ್ಕೆ ಎಫ್‌ಎ ಕಪ್ ಸೆಮಿಫೈನಲ್ ಇತ್ತು. ಎದುರಿಗೆ ಮ್ಯಾಂಚೆಸ್ಟರ್ ಯುನೈಟೆಡ್. ಅಲ್ಲಿ ಈ ಇಬ್ಬರೂ ಇಲ್ಲ. ನ್ಯೂಕ್ಯಾಸಲ್ 1–4ರಲ್ಲಿ ಸೋಲ್ತು. ಲೀಗಿನಲ್ಲಿ ಆ ವರ್ಷ 14ನೇ ಸ್ಥಾನ. ಇವರಿದ್ದಿದ್ರೆ ಗೆಲ್ತಿತ್ತು ಅಂತ ನಾನು ಹೇಳಲ್ಲ. ಆದ್ರೆ ಟಿಕೆಟ್ ತಗೊಂಡು ಸೆಮಿಫೈನಲ್‌ಗೆ ಹೋದ ಅಭಿಮಾನಿ ಏನು ತಪ್ಪು ಮಾಡಿದ್ದ? ನಮ್ಮಲ್ಲಿ ಗಾದೆ ಇದೆ: ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಇಲ್ಲಿ ಕೂಸು ಯಾರು? ಮೈದಾನದಲ್ಲಿ ಉಳಿದ ಆ ಎಂಟು ಜನ. ಗ್ಯಾಲರಿಯಲ್ಲಿದ್ದ ಆ ಐವತ್ತು ಸಾವಿರ ಜನ.

ಕೆಲವರು ಕೇಳ್ತಾರೆ, "ಅಲ್ಲ ಸಾರ್, ಅವರವರೇ ಹೊಡ್ಕೊಂಡ್ರೆ ರೆಫರಿಗೇನು ಕಷ್ಟ?" ನಿಯಮ ಕೇಳಿ. ಫುಟ್‌ಬಾಲಿನ ಹನ್ನೆರಡನೇ ನಿಯಮ. ಎದುರಾಳಿ ಇರಲಿ, ಸ್ವಂತ ತಂಡದವನಿರಲಿ, ರೆಫರಿ ಇರಲಿ, ಪ್ರೇಕ್ಷಕ ಇರಲಿ, ಯಾರ ಮೇಲೆ ಕೈ ಮಾಡಿದ್ರೂ ರೆಡ್ ಕಾರ್ಡ್. ಇನ್ನೂ ಇದೆ. ಆಟ ನಡೀತಿರುವಾಗ ನಿಮ್ಮವನಿಗೇ ಹೊಡೆದ್ರೆ ಎದುರಾಳಿಗೆ ಡೈರೆಕ್ಟ್ ಫ್ರೀ ಕಿಕ್. ನಿಮ್ಮ ಗೋಲಿನ ಮುಂದಿನ ಪೆನಾಲ್ಟಿ ಪ್ರದೇಶದೊಳಗೆ ಹೊಡೆದ್ರೆ? ಎದುರಾಳಿಗೆ ಪೆನಾಲ್ಟಿ! ನಿಮ್ಮ ಜಗಳ, ಅವರಿಗೆ ಗೋಲು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನೋದನ್ನ ನಿಯಮದ ಪುಸ್ತಕದಲ್ಲೇ ಬರೆದಿಟ್ಟಿದ್ದಾರೆ.

2008ರ ಡಿಸೆಂಬರ್ 28. ಸ್ಟೋಕ್ ಸಿಟಿ ತಂಡ ವೆಸ್ಟ್ ಹ್ಯಾಮ್ ಮೈದಾನದಲ್ಲಿ 1–0 ಮುಂದಿತ್ತು. ವೆಸ್ಟ್ ಹ್ಯಾಮ್ ಗೋಲು ಹೊಡೆದು ಸಮ ಮಾಡ್ತು. ಸ್ಟೋಕ್‌ನ ರಿಕಾರ್ಡೊ ಫುಲ್ಲರ್ ಹೋಗಿ ತನ್ನ ನಾಯಕ ಆಂಡಿ ಗ್ರಿಫಿನ್ ಕೆನ್ನೆಗೇ ಬಾರಿಸಿದ. ರೆಡ್ ಕಾರ್ಡ್. ಹತ್ತೇ ಜನ ಆಡಿ ಕೊನೆಗೆ 1–2ರಲ್ಲಿ ಸೋತ್ರು. ಅದಕ್ಕೂ ಹಿಂದೆ, 1995ರ ನವೆಂಬರ್‌ನಲ್ಲಿ, ಇಂಗ್ಲೆಂಡಿನ ಚಾಂಪಿಯನ್ ಬ್ಲ್ಯಾಕ್‌ಬರ್ನ್ ಮಾಸ್ಕೋಗೆ ಆಡೋಕೆ ಹೋಗಿತ್ತು. ಒಂದೇ ಚೆಂಡಿಗೆ ಅದೇ ತಂಡದ ಗ್ರೇಮ್ ಲೆ ಸೋ, ಡೇವಿಡ್ ಬ್ಯಾಟಿ ಇಬ್ಬರೂ ಓಡಿದ್ರು, ಡಿಕ್ಕಿ ಆಯ್ತು, ಜಗಳ ಆಯ್ತು. ಲೆ ಸೋ ಗುದ್ದಿದ. ಕೈ ಮುರೀತು. ಯಾರ ಕೈ? ಗುದ್ದಿದವನದ್ದೇ! ತಂಡ 0–3 ಸೋಲ್ತು.

ಸೋಲುವಾಗ ಮಾತ್ರ ಹೀಗಾಗುತ್ತೆ ಅಂದ್ಕೋಬೇಡಿ. 2025ರ ಜನವರಿ 30ರಂದು ಚೆನ್ನೈನಲ್ಲಿ ನಮ್ಮ ಪಕ್ಕದ ಕೇರಳ ಬ್ಲಾಸ್ಟರ್ಸ್ 3–1ರಲ್ಲಿ ಗೆಲ್ತು. ಆ ಪಂದ್ಯದಲ್ಲೂ ನಾಯಕ ಆಡ್ರಿಯನ್ ಲೂನಾ, ನೋವಾ ಸದೌಯಿ ಇಬ್ಬರೂ ಎದೆಗೆ ಎದೆ ಕೊಟ್ಟು ನಿಂತ್ರು. ತಂಡದವರು ಮಧ್ಯೆ ಬಂದು ಬಿಡಿಸಬೇಕಾಯ್ತು. ಕಾರಣ? ಮತ್ತೆ ಅದೇ, ಪಾಸ್ ಕೊಡಲಿಲ್ಲ ಅಂತ!

ಮ್ಯಾಂಚೆಸ್ಟರ್, ನ್ಯೂಕ್ಯಾಸಲ್, ಚೆನ್ನೈ, ಚೋರನೂರು. ಎಲ್ಲಾ ಕಡೆ ಒಂದೇ ಜಗಳ. ಫುಟ್‌ಬಾಲಿನಲ್ಲಿ ಪಾಸ್ ಅಂದ್ರೆ ಬರೀ ಚೆಂಡಲ್ಲ, ನಂಬಿಕೆ. ನಿನಗೆ ಕೊಡಲ್ಲ ಅಂದ್ರೆ ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಎಲ್ಲರ ಮುಂದೆ ಹೇಳಿದ ಹಾಗೆ. ಎದುರಾಳಿ ಬೈದ್ರೆ ನೋವಾಗಲ್ಲ, ಅವನಿರೋದೇ ಅದಕ್ಕೆ. ನಮ್ಮವನು ನಂಬಲಿಲ್ಲ ಅಂದಾಗ ನೋವಾಗುತ್ತೆ. ಅಣ್ಣ ತಮ್ಮಂದಿರ ಪಾಲಿನ ಜಗಳ ಯಾಕೆ ಅಷ್ಟು ಕೆಟ್ಟದಾಗಿರುತ್ತೆ ಹೇಳಿ? ಇದೇ ಕಾರಣಕ್ಕೆ.

ಹಾಗಾದ್ರೆ ಜಗಳಾನೇ ಬೇಡ್ವಾ? ಇಲ್ಲಿ ಎವರ್ಟನ್ ಮ್ಯಾನೇಜರ್ ಡೇವಿಡ್ ಮೋಯೆಸ್ ಮಾತು ಕೇಳಬೇಕು. ಯಾರಾದ್ರೂ ತಪ್ಪು ಮಾಡಿದ್ರೆ ನಮ್ಮ ಆಟಗಾರರು ಒಬ್ಬರ ಮೇಲೊಬ್ಬರು ರೇಗೋದು ನನಗೆ ಇಷ್ಟಾನೇ ಅನ್ನೋ ಅರ್ಥದಲ್ಲಿ ಅವರು ಮಾತಾಡಿದ್ರು. ಅರ್ಧ ಮಾತು ನಾನೂ ಒಪ್ತೀನಿ. ತಪ್ಪು ಮಾಡಿದ್ರೂ ಸುಮ್ನೆ ಇರೋ ತಂಡ ತಂಡವೇ ಅಲ್ಲ, ಅದು ಸಂತೆ. ಬಾಯಿ ಮಾಡಲಿ. "ಅಲ್ಲಿ ನಿಂತ್ಕೊಳ್ಳೋ, ಇಲ್ಲಿ ಕೊಡೋ" ಅಂತ ಕೂಗಲಿ. ಇನ್ನರ್ಧ ನಾನು ಒಪ್ಪಲ್ಲ. ರೇಗೋ ಬಾಯಿ ಆಟದ ವಿಷಯ ಮಾತಾಡುತ್ತೆ. ಎತ್ತಿದ ಕೈಗೆ ಆಟ ಮರೆತುಹೋಗಿರುತ್ತೆ.

"ಆದ್ರೆ ಎವರ್ಟನ್ ಗೆಲ್ತಲ್ಲ ಸಾರ್!" ಗೆಲ್ತು. ಹತ್ತೇ ಜನ ಆಡಿ 1–0 ಗೆಲ್ತು. ಡ್ಯೂಸ್‌ಬರಿ-ಹಾಲ್ 29ನೇ ನಿಮಿಷದಲ್ಲಿ ಗೋಲು ಹೊಡೆದ. ಅದು ಕಪಾಳಮೋಕ್ಷದ ಫಲ ಅಲ್ಲ ಕಣ್ರೀ. ಏಟು ತಿಂದ ಕೀನ್ ತಲೆ ತಗ್ಗಿಸ್ಕೊಂಡು ಉಳಿದ ಆಟವೆಲ್ಲಾ ಗೋಲು ಕಾದನಲ್ಲ, ಹನ್ನೊಂದನೆಯವನ ಓಟವನ್ನ ಹತ್ತು ಜನ ಹಂಚ್ಕೊಂಡು ಓಡಿದ್ರಲ್ಲ, ಅದರ ಫಲ. ಗೆಯೆಗೂ ಅದು ಗೊತ್ತು. ಅದಕ್ಕೇ ಕೀನ್ ಹತ್ತಿರ, ತಂಡದ ಹತ್ತಿರ, ಅಭಿಮಾನಿಗಳ ಹತ್ತಿರ ಕ್ಷಮೆ ಕೇಳಿದ.

ಈಗ ನಮ್ಮ ಸರದಿ, ಟಿವಿಯವರದ್ದು. ಆ ಗೋಲನ್ನ ನಾವು ಎಷ್ಟು ಸಲ ತೋರಿಸಿದ್ವಿ? ಒಂದೋ ಎರಡೋ ಸಲ. ಏಟನ್ನ ಎಷ್ಟು ಸಲ? ಲೆಕ್ಕ ಇಲ್ಲ. ನಿಧಾನವಾಗಿ, ಕೆಂಪು ಗುಂಡು ಹಾಕಿ, ಕೆಳಗೆ ಬಾಣದ ಗುರುತು ಹಾಕಿ, ಹಿಂದೆ ಮ್ಯೂಸಿಕ್ ಬೇರೆ.

ಬೋಯರ್, ಡಯರ್ ಕಥೆಯ ಕೊನೆ ಹೇಳ್ತೀನಿ. 2007ರಲ್ಲಿ ಡಯರ್ ವೆಸ್ಟ್ ಹ್ಯಾಮ್ ಸೇರಿದ. ಅಲ್ಲಿ ಆಗಲೇ ಯಾರಿದ್ದ? ಬೋಯರ್! ಮತ್ತೆ ಒಂದೇ ತಂಡ, ಒಂದೇ ಡ್ರೆಸ್ಸಿಂಗ್ ರೂಮ್. ಉಂಡು ಮಲಗೋ ತನಕದ ಜಗಳ ಅಂತೀವಲ್ಲ, ಹಾಗೆ ಅವರ ಜಗಳ ಮುಗೀತು. ಆದ್ರೆ ಆ ವಿಡಿಯೋ ಮುಗೀಲಿಲ್ಲ. ಇವತ್ತಿಗೂ ಅವರ ಹೆಸರು ಹೇಳಿದ್ರೆ ಮೊದಲು ಬರೋದು ಅದೇ. ಇಬ್ಬರೂ ಇಂಗ್ಲೆಂಡ್ ತಂಡಕ್ಕೆ ಆಡಿದವರು ಅನ್ನೋದು ಎಷ್ಟು ಜನಕ್ಕೆ ನೆನಪಿದೆ?

ಚೋರನೂರಿಗೆ ವಾಪಸ್ ಬರೋಣ. ನಾನು ಮೊಬೈಲ್ ಹಿಡಿದದ್ದು ನೋಡಿ ಅಂಗಿ ಹಿಡ್ಕೊಂಡಿದ್ದ ಹುಡುಗ ತಟ್ಟನೆ ಕೈ ಬಿಟ್ಟ. ಓಡಿ ಬಂದ. ಮೊದಲು ನನ್ನನ್ನ ಗುರುತು ಹಿಡಿದ. ಆಮೇಲೆ ಮುಖ ಸಣ್ಣ ಮಾಡ್ಕೊಂಡು ಕೇಳಿದ:

"ಸಾರ್, ಟಿವಿಯಾಗ ಹಾಕಬ್ಯಾಡ್ರಿ ಸಾರ್. ಅವನು ನಮ್ಮ ದೋಸ್ತ ಅದಾನ್ರಿ."

ನಮ್ಮಪ್ಪ ಬೈತಾನೆ ಅನ್ನಲಿಲ್ಲ, ನನ್ನ ಮಾನ ಹೋಗುತ್ತೆ ಅನ್ನಲಿಲ್ಲ. ಅವನು ನನ್ನ ದೋಸ್ತ ಅಂದ. ಅವನ ಮುಂದೇನೇ ವಿಡಿಯೋ ಅಳಿಸಿ ಹಾಕ್ದೆ. ಅವನು ವಾಪಸ್ ಹೋದ. ಸ್ವಲ್ಪ ಹೊತ್ತಾದ ಮೇಲೆ ಚೆಂಡು ಮತ್ತೆ ಅವನ ಕಾಲಿಗೆ ಬಂತು. ಈ ಸಲ ಆ ಇನ್ನೊಬ್ಬನಿಗೆ ಪಾಸ್ ಕೊಟ್ಟ. ಅವನು ಒದ್ದ.

ಹೊರಗೆ ಹೋಯ್ತು.

ಇಬ್ಬರೂ ನಕ್ಕುಬಿಟ್ರು. ಆಟ ಮುಂದುವರೀತು.

ಆ ವಿಡಿಯೋ ಇದ್ದಿದ್ರೆ ನಮಗೆ ಒಂದು ಸುದ್ದಿ ಆಗ್ತಿತ್ತು. ಅಳಿಸಿದ್ದಕ್ಕೆ ಅವರಿಗೆ ಒಂದು ತಂಡ ಉಳೀತು. ನಿಮ್ಮ ಮನೆಯಲ್ಲಿ, ಆಫೀಸಿನಲ್ಲಿ, ಗಲ್ಲಿಯಲ್ಲಿ ನಿಮ್ಮವರ ಜೊತೆ ಜಗಳ ಆಡಿ. ಬೇಕಾದಷ್ಟು ಬಾಯಿ ಮಾಡಿ. ಆದ್ರೆ ಕೈ ಎತ್ತೋ ಮುಂಚೆ ಒಂದು ಸಲ ಲೆಕ್ಕ ಹಾಕಿ, ನೀವು ಹೊರಗೆ ಹೋದ್ರೆ ಒಳಗೆ ಆಡೋಕೆ ಎಷ್ಟು ಜನ ಉಳೀತಾರೆ ಅಂತ.