ಲಂಡನ್ನಿನ ಕುದುರೆ ಲಾಯದಲ್ಲಿ ಈಜಿಪ್ಟ್

1873ರಲ್ಲಿ ಫ್ರಾನ್ಸಿನಲ್ಲಿ ಜೋರು ಮಳೆ ಹಿಡಿಯಿತು. ಚಿತ್ರ ಬರೆಯೋಣವೆಂದು ಅಲ್ಲಿಗೆ ಹೋಗಿದ್ದ ಇಂಗ್ಲೆಂಡಿನ ಕಾದಂಬರಿಗಾರ್ತಿಯೊಬ್ಬರು ದಿನವೂ ಕಿಟಕಿಯಿಂದ ನೀರು ನೋಡಿ ನೋಡಿ ಬೇಸತ್ತರು. ಎಲ್ಲಾದರೂ ಸರಿ, ಬಿಸಿಲಿದ್ದರೆ ಸಾಕು ಎಂದು ಗೆಳತಿಯನ್ನು ಕರೆದುಕೊಂಡು ಹೊರಟವರು ಕೈರೋ ತಲುಪಿದರು. ಅವರ ಹೆಸರು ಅಮೀಲಿಯಾ ಎಡ್ವರ್ಡ್ಸ್. ಆಗ ವಯಸ್ಸು ನಲವತ್ತೆರಡು, ಮದುವೆಯಾಗಿರಲಿಲ್ಲ, ದೆವ್ವದ ಕಥೆಗಳಿಗೆ ಹೆಸರುವಾಸಿ. ಈಜಿಪ್ಟಿನ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ.

ಇವತ್ತು ನನಗೆ ಕೊಟ್ಟಿರುವ ವಿಷಯ ಕೇಳಿದರೆ ನಿಮಗೆ ಆಕಳಿಕೆ ಬಂದರೂ ತಪ್ಪಿಲ್ಲ. ವಿಶ್ವವಿದ್ಯಾಲಯಗಳ ವಸ್ತುಸಂಗ್ರಹಾಲಯಗಳನ್ನು ಪಾಠಕ್ಕೆ ಬಳಸುವ ಹಾಗೆ ಕಂಪ್ಯೂಟರಿಗೆ ಏರಿಸುವುದು, ಅದಕ್ಕೆ ಬೇಕಾದ ದುಡ್ಡು ಹೊಂದಿಸುವುದು. ಆದರೆ ಲಂಡನ್ನಿನ ಒಂದು ಸಂಗ್ರಹಾಲಯದ ಕಥೆ ಹಿಡಿದು ಹೊರಟರೆ ಇದರೊಳಗೆ ಮಳೆ ಬರುತ್ತದೆ, ಬಾಂಬ್ ಬೀಳುತ್ತದೆ, ಐದು ಸಾವಿರ ವರ್ಷದ ಹಳೆಯ ಅಂಗಿ ಸಿಗುತ್ತದೆ, ನಂಬಿದರೆ ನಂಬಿ, ಕನ್ನಡವೂ ಬರುತ್ತದೆ. ಅದಕ್ಕೇ ಮಳೆಯಿಂದ ಶುರುಮಾಡಿದೆ.

ಅಮೀಲಿಯಾ ಒಂದು ದೊಡ್ಡ ದೋಣಿ ಬಾಡಿಗೆಗೆ ಹಿಡಿದು ನೈಲ್ ನದಿಯಲ್ಲಿ ಅಬು ಸಿಂಬೆಲ್‌ವರೆಗೆ ಹೋದರು. ಬೆಟ್ಟ ಕೊರೆದು ಮಾಡಿದ ರಾಮ್ಸೆಸ್ ದೊರೆಯ ದೈತ್ಯ ವಿಗ್ರಹಗಳು ಅಲ್ಲಿವೆ. ಅವುಗಳಲ್ಲಿ ಒಂದರ ಮುಖದ ತುಂಬ ಬಿಳಿ ಕಲೆ. ಅದಕ್ಕೆ ಅರ್ಧ ಶತಮಾನದಷ್ಟು ಹಿಂದೆ ರಾಬರ್ಟ್ ಹೇ ಎಂಬುವನು ಮುಖದ ಅಚ್ಚು ತೆಗೆಯಲು ಗಾರೆ ಮೆತ್ತಿ, ಕೆಲಸ ಮುಗಿದ ಮೇಲೆ ಹಾಗೇ ಬಿಟ್ಟು ಹೋಗಿದ್ದ. ಈ ತಾಯಿಗೆ ಸಹಿಸಲಾಗಲಿಲ್ಲ. ದೋಣಿಯವರಿಂದ ಹುಟ್ಟುಗೋಲು, ಮರದ ತೊಲೆಗಳನ್ನೆಲ್ಲ ಕಟ್ಟಿಸಿ ಅಟ್ಟ ಹಾಕಿಸಿದರು. ಆಳುಗಳು ದೊರೆಯ ಮೂಗು, ಗಲ್ಲ, ಕಿವಿಯ ಮೇಲೆ ಹತ್ತಿ ಕೂತು ಗಾರೆ ಕೆರೆದರು. ಆದರೂ ಕಲ್ಲು ಬೆಳ್ಳಗೇ ಕಂಡಿತು. ಬಣ್ಣ ಹೊಂದಿಸಬೇಕಲ್ಲ, ಏನು ಮಾಡಿದರು ಗೊತ್ತೇ? ಗಟ್ಟಿ ಕಾಫಿ ಕಾಸಿಸಿ ಹಚ್ಚಿಸಿದರು! ಹಂಡೆಗಟ್ಟಲೆ ಕಾಫಿ. ಅಡುಗೆಯವನ ಪಾಡು ಬೇಡ. ಇವತ್ತು ಯಾರಾದರೂ ಹಂಪಿಯ ನರಸಿಂಹನಿಗೆ ಹೀಗೆ ಫಿಲ್ಟರ್ ಕಾಫಿ ಬಳಿದರೆ ನೆಟ್ಟಗೆ ಜೈಲಿಗೆ ಹೋಗಬೇಕಾಗುತ್ತದೆ. ಆದರೆ ಈ ಹೆಂಗಸಿನ ಸ್ವಭಾವ ಅರ್ಥವಾಗಬೇಕಾದರೆ ಆ ಕಾಫಿಯೇ ಸಾಕು. ಹಾಳಾಗುತ್ತಿರುವುದನ್ನು ಕಂಡು ಕೈಕಟ್ಟಿ ಕೂರುವ ಜಾಯಮಾನ ಅಲ್ಲ.

ಊರಿಗೆ ಬಂದು ಪ್ರವಾಸದ ಪುಸ್ತಕ ಬರೆದರು. ಚಿತ್ರಲಿಪಿ ಕಲಿತರು. ಕಾದಂಬರಿ ಬಿಟ್ಟೇಬಿಟ್ಟರು. 1882ರಲ್ಲಿ ಕೆಲವರನ್ನು ಕೂಡಿಸಿಕೊಂಡು ಈಜಿಪ್ಟ್ ಎಕ್ಸ್‌ಪ್ಲೊರೇಶನ್ ಫಂಡ್ ಎಂಬ ಸಂಸ್ಥೆ ಕಟ್ಟಿ, ಮನೆಮನೆಗೆ ಪತ್ರ ಬರೆದು ಉತ್ಖನನಕ್ಕೆ ಚಂದಾ ಎತ್ತಲು ನಿಂತರು. ಆಗ ಅವರ ಕಣ್ಣಿಗೆ ಬಿದ್ದವನು ಫ್ಲಿಂಡರ್ಸ್ ಪೆಟ್ರಿ.

ಈ ಪೆಟ್ರಿ ಶಾಲೆಗೆ ಹೋದವನಲ್ಲ, ಮನೆಯಲ್ಲೇ ಕಲಿತವನು. ಗೀಜಾದ ಪಿರಮಿಡ್ಡುಗಳನ್ನು ಅಳೆಯಲು ಹೋಗಿ ಅಲ್ಲೇ ಒಂದು ಗೋರಿಯೊಳಗೆ ವಾಸ ಮಾಡಿದ. ಸೆಕೆಗೆ ಒಳಉಡುಪಿನಲ್ಲೇ ಕೆಲಸ ಮಾಡುತ್ತಿದ್ದ. ಅದು ಗುಲಾಬಿ ಬಣ್ಣದ್ದಾದರೆ ಪ್ರವಾಸಿಗರು ಹತ್ತಿರ ಸುಳಿಯುವುದಿಲ್ಲ ಎಂಬುದು ಅವನೇ ಕಂಡುಕೊಂಡ ಉಪಾಯ. ಬಂಗಾರ, ವಿಗ್ರಹ ಹುಡುಕುವವರ ನಡುವೆ ಇವನೊಬ್ಬ ಮಡಕೆಚೂರು, ಮಣಿ, ಸೂಜಿ, ಹರಿದ ಬಟ್ಟೆ ಆರಿಸುತ್ತ ಕೂತ. ಬೇರೆಯವರು ಬಿಸಾಡಿದ್ದೆಲ್ಲ ಇವನಿಗೆ ಬೇಕು. ನಕಾಡಾ ಎಂಬಲ್ಲಿ ಅಗೆದಾಗ ಸಾವಿರಾರು ಗೋರಿಗಳು ಸಿಕ್ಕವು, ಒಂದರಲ್ಲೂ ಬರಹವಿಲ್ಲ. ಯಾವುದು ಹಳೆಯದು, ಯಾವುದು ಹೊಸದು? ಪೆಟ್ರಿ ಒಂದೊಂದು ಗೋರಿಗೆ ಒಂದೊಂದು ರಟ್ಟಿನ ಪಟ್ಟಿ ಕತ್ತರಿಸಿದ. ಅದರಲ್ಲಿ ಸಿಕ್ಕ ಮಡಕೆಗಳ ಬಗೆಯನ್ನು ಆ ಪಟ್ಟಿಯ ಮೇಲೆ ಬರೆದ. ಇಂಥ ಸುಮಾರು 900 ಪಟ್ಟಿಗಳನ್ನು ಹರಡಿಕೊಂಡು ಮೇಲೆ ಕೆಳಗೆ ಸರಿಸುತ್ತ, ಒಂದೇ ಬಗೆಯ ಮಡಕೆಗಳು ಹತ್ತಿರ ಹತ್ತಿರ ಬರುವ ಹಾಗೆ ಜೋಡಿಸಿದ. ಹಿಡಿಕೆ ಇದ್ದ ಒಂದು ಜಾತಿಯ ಜಾಡಿಯಲ್ಲಿ ಹಿಡಿಕೆ ಸಣ್ಣಗಾಗುತ್ತ, ಕೊನೆಗೆ ಬರೀ ಅಲೆಯಂಥ ಗೆರೆಯಾಗಿ ಉಳಿಯುವುದು ಕಣ್ಣಿಗೆ ಕಂಡಿತು. ಕಾಲದ ಅನುಕ್ರಮ ಸಿಕ್ಕಿತು! ಈಗ ಇದನ್ನು ಕಂಪ್ಯೂಟರ್ ಮಾಡುತ್ತದೆ. ಪೆಟ್ರಿಯ ಬಳಿ ಇದ್ದದ್ದು ಕತ್ತರಿ ಮತ್ತು ತಾಳ್ಮೆ.

ಇಂಥವನು ಎಲ್ಲಿಯೂ ನೆಲೆಯಿಲ್ಲದೆ ಅಲೆಯುವುದು ಅಮೀಲಿಯಾಗೆ ಸರಿಕಾಣಲಿಲ್ಲ. 1891ರ ಕೊನೆಗೆ ಲಂಡನ್ನಿನ ಹಡಗುಕಟ್ಟೆಯಲ್ಲಿ ಈಜಿಪ್ಟಿನ ಪೆಟ್ಟಿಗೆಗಳನ್ನು ಇಳಿಸುವ ಉಸ್ತುವಾರಿಗೆ ನಿಂತು ಅವರು ಶೀತ ಹಿಡಿಸಿಕೊಂಡರು. ಮತ್ತೆ ಚೇತರಿಸಿಕೊಳ್ಳಲಿಲ್ಲ. 1892ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಉಯಿಲು ತೆರೆದು ನೋಡಿದರೆ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ತಮ್ಮ ಪುಸ್ತಕ, ಸಂಗ್ರಹ, ದುಡ್ಡು ಎಲ್ಲ ಬರೆದಿದ್ದರು. ಆ ಕಾಲೇಜೇ ಏಕೆಂದರೆ, ಹೆಣ್ಣುಮಕ್ಕಳಿಗೆ ಗಂಡಸರ ಸಮನಾಗಿ ಪದವಿ ಕೊಟ್ಟದ್ದರಲ್ಲಿ ಇಂಗ್ಲೆಂಡಿಗೇ ಅದು ಮೊದಲು. ಇನ್ನು ಷರತ್ತುಗಳನ್ನು ಕೇಳಿ. ಆ ದುಡ್ಡಿನಿಂದ ಈಜಿಪ್ಟಿನ ಪುರಾತತ್ವ ಕಲಿಸುವ ಪ್ರಾಧ್ಯಾಪಕ ಪೀಠ ಸ್ಥಾಪಿಸಬೇಕು. ಬ್ರಿಟಿಷ್ ಮ್ಯೂಸಿಯಮ್ಮಿನ ನೌಕರ ಅದಕ್ಕೆ ಬರಕೂಡದು. ಬರುವವನಿಗೆ ನಲವತ್ತು ದಾಟಿರಕೂಡದು. ಪೆಟ್ರಿಗೆ ಆಗ ಎಷ್ಟು ವಯಸ್ಸು? ಮೂವತ್ತೆಂಟು! ಹೆಸರು ಬರೆಯದೆ ಹೆಸರು ಬರೆಯುವುದು ಎಂದರೆ ಇದು. ಕಥೆ ಹೆಣೆಯುವವರ ಕೈಯಲ್ಲಿ ಉಯಿಲು ಸಿಕ್ಕರೆ ಹೀಗೇ ಆಗುವುದು.

ನನ್ನ ಮಾತೆಲ್ಲ ಈ ಉಯಿಲಿನ ಸುತ್ತಲೇ ಇದೆ. ಅಮೀಲಿಯಾ ದುಡ್ಡು ಕೊಟ್ಟದ್ದು ಗಾಜಿನ ಕಪಾಟಿಗಲ್ಲ, ಕಟ್ಟಡಕ್ಕಲ್ಲ. ಆ ವಸ್ತುಗಳನ್ನು ಕೈಗೆತ್ತಿಕೊಂಡು ಹುಡುಗ ಹುಡುಗಿಯರಿಗೆ ಪಾಠ ಹೇಳುವ ಒಬ್ಬ ಮನುಷ್ಯನ ಸಂಬಳಕ್ಕೆ, ಅದೂ ಕೊನೆಯಿಲ್ಲದ ಕಾಲದವರೆಗೆ. ನಮ್ಮ ಹಳೆಯ ಶಾಸನಗಳನ್ನು ಓದಿದವರಿಗೆ ಇದು ಹೊಸದಲ್ಲ. ದೇವಸ್ಥಾನದ ನಂದಾದೀವಿಗೆಗೆಂದು ದತ್ತಿ ಬಿಡುವವರು ಹಿತ್ತಾಳೆ ದೀಪ ಕೊಡಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ, ಎಣ್ಣೆಗೆಂದು ಗದ್ದೆ ಬಿಡುತ್ತಿದ್ದರು.

ಪೆಟ್ರಿ ಚಳಿಗಾಲ ಬಂದರೆ ಈಜಿಪ್ಟಿಗೆ ಓಡುತ್ತಿದ್ದ. ಹಿಂದೆ ನಿಂತು ಪಾಠ ನಡೆಸಿದವರು ಮಾರ್ಗರೆಟ್ ಮರ್ರೆ. ಹುಟ್ಟಿದ್ದು 1863ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ. ಬದುಕಿದ್ದು ನೂರು ವರ್ಷ, ಆತ್ಮಕಥೆಗೂ ಮೊದಲ ನೂರು ವರ್ಷ ಎಂದೇ ಹೆಸರಿಟ್ಟರು! ವಿದ್ಯಾರ್ಥಿಗಳ ಕೈಗೆ ಮಡಕೆ, ಮಣಿ ಕೊಟ್ಟು ಕಲಿಸುವ ಆ ಪದ್ಧತಿಯೇ ಈ ಸಂಗ್ರಹದ ಉಸಿರು. 1913ರಲ್ಲಿ ಪೆಟ್ರಿ ತನ್ನ ಸ್ವಂತ ಸಂಗ್ರಹವನ್ನೂ ಕಾಲೇಜಿಗೆ ಮಾರಿದ, 3,500 ಪೌಂಡಿಗೆ. ಅದೇ ಇವತ್ತಿನ ಪೆಟ್ರಿ ಸಂಗ್ರಹಾಲಯ, ಈಗ ಅಲ್ಲಿ 80,000ಕ್ಕೂ ಮಿಕ್ಕಿದ ವಸ್ತುಗಳಿವೆ.

ಪೆಟ್ರಿಯನ್ನು ಬರೀ ಹೊಗಳಿ ಮುಂದೆ ಹೋಗುವಂತಿಲ್ಲ. ಜನಾಂಗಗಳಲ್ಲಿ ಮೇಲು ಕೀಳು ಎಣಿಸುವ ಆ ಕಾಲದ ಕೆಟ್ಟ ಶಾಸ್ತ್ರವನ್ನು ಅವನು ಮನಸಾರೆ ನಂಬಿದ್ದ, ಆ ಶಾಸ್ತ್ರದ ಮುಂದಾಳು ಫ್ರಾನ್ಸಿಸ್ ಗಾಲ್ಟನ್‌ಗಾಗಿ ಮುಖಗಳ ಚಿತ್ರ ಸಂಗ್ರಹಿಸಿದ್ದ. ಅಗೆದವರು ಈಜಿಪ್ಟಿನ ರೈತರು, ಅವರಲ್ಲಿ ಅಲಿ ಸುಯೆಫಿಯಂಥ ಚತುರರು. ಅವರು ತೆಗೆದುಕೊಟ್ಟ ವಸ್ತುಗಳು ಹಡಗು ಹತ್ತಿ ಹೋದವು. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಎರಡನೇ ಮಹಾಯುದ್ಧ ಬಂತು. ಸಂಗ್ರಹವನ್ನು ಪೆಟ್ಟಿಗೆಗೆ ತುಂಬಿದರು. ಕಾಲೇಜಿನ ಮೇಲೆ ಬಾಂಬ್ ಬಿತ್ತು. ಯುದ್ಧ ಮುಗಿದ ಮೇಲೆ ಇಡಲು ಜಾಗವಿಲ್ಲದೆ, ಹಳೆಯ ಅಂಗಡಿಯೊಂದರ ಕುದುರೆ ಲಾಯವಾಗಿದ್ದ ಕಟ್ಟಡಕ್ಕೆ ಸಾಗಿಸಿದರು. ಸದ್ಯಕ್ಕೆ ಇರಲಿ ಎಂದು ಮಾಡಿದ ವ್ಯವಸ್ಥೆ. ಆ ಸದ್ಯ ಇನ್ನೂ ಮುಗಿದಿಲ್ಲ, ಸಂಗ್ರಹಾಲಯ ಇವತ್ತಿಗೂ ಅಲ್ಲೇ ಇದೆ. ಆರ್ಕೆಲ್ ಎಂಬುವರು ವರ್ಷಗಟ್ಟಲೆ ಕೂತು ಪೆಟ್ಟಿಗೆ ಬಿಚ್ಚಿದರು. ಎಲ್ಲವನ್ನೂ ಬಿಚ್ಚಿ ನೋಡುವ ಕೈಗಳೆಲ್ಲಿ? 1977ರಲ್ಲಿ ಒಂದು ಗಂಟು ಕೊಳಕು ಬಟ್ಟೆಯನ್ನು ಸ್ವಚ್ಛಮಾಡಲು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಕಳಿಸಿದರು. ತಾರ್ಖಾನ್ ಎಂಬಲ್ಲಿ 1913ರ ಹೊತ್ತಿಗೆ ಪೆಟ್ರಿ ಅಗೆದು ತಂದದ್ದು. ಬಿಡಿಸುತ್ತಾ ಹೋದ ಹಾಗೆ ನಾರುಬಟ್ಟೆಯ ಅಂಗಿಯೊಂದು ಎದ್ದುಬಂತು. ತೋಳಿನ ಮೇಲೆ, ಎದೆಯ ಮೇಲೆ ಸಣ್ಣ ಸಣ್ಣ ನೆರಿಗೆ, ಚೂಪಾಗಿ ಇಳಿದ ಕೊರಳು. ಮೊಣಕೈ ಮತ್ತು ಕಂಕುಳ ಹತ್ತಿರ ಸುಕ್ಕು ಇತ್ತು, ಅಂದರೆ ಯಾರೋ ತೊಟ್ಟು ಓಡಾಡಿದ್ದು. ಒಳಮೈ ಹೊರಗಾಗಿತ್ತು, ನಾವು ಅವಸರದಲ್ಲಿ ತಲೆಯ ಮೇಲಿಂದ ಎಳೆದು ಬಿಸಾಡುವಾಗ ಆಗುತ್ತದಲ್ಲ, ಹಾಗೇ. ಇತ್ತೀಚಿನ ರೇಡಿಯೋಕಾರ್ಬನ್ ಪರೀಕ್ಷೆ ಅದರ ಕಾಲವನ್ನು ಕ್ರಿಸ್ತಪೂರ್ವ 3482ರಿಂದ 3102ರೊಳಗೆ ಇಡುತ್ತದೆ. ನೇಯ್ದು ಹೊಲಿದ ಉಡುಪುಗಳಲ್ಲಿ ಜಗತ್ತಿಗೇ ಹಳೆಯದು. ಅರುವತ್ತು ವರ್ಷ ಮೀರಿ ಅದು ಸಂಗ್ರಹಾಲಯದೊಳಗೇ ಚಿಂದಿಯಾಗಿ ಬಿದ್ದಿತ್ತು.

ಪಟ್ಟಿ ಮಾಡದ ಸಂಗ್ರಹ ಇದ್ದೂ ಇಲ್ಲದ ಹಾಗೆ. ಅದಕ್ಕೇ ಕಂಪ್ಯೂಟರ್ ಬಂದಾಗ ಎಲ್ಲರೂ ಹಿಗ್ಗಿದರು. 1990ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ದುಡ್ಡಿನ ಮಳೆಯೇ ಆಯಿತು. ಲಾಟರಿ ಹಣದಲ್ಲಿ 5 ಕೋಟಿ ಪೌಂಡನ್ನು ಡಿಜಿಟಲೀಕರಣಕ್ಕೆ ತೆಗೆದಿಟ್ಟರು. ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಕೆಲಸಕ್ಕೆಂದೇ ಇದ್ದ ಜಿಸ್ಕ್ ಎಂಬ ಸಂಸ್ಥೆಯೂ ಪಾಠಕ್ಕೆ ಬೇಕಾದ ಯೋಜನೆಗಳಿಗೆ ಹಣ ಕೊಟ್ಟಿತು. ಪೆಟ್ರಿ ಸಂಗ್ರಹಾಲಯಕ್ಕೆ ಎರಡು ಕಡೆಯಿಂದ ಕೆಲಸ ಕೂಡಿಬಂತು. ಸರ್ಕಾರದ ಒಂದು ನಿಧಿಯಿಂದ ಇಡೀ ಸಂಗ್ರಹದ ಪಟ್ಟಿ ಚಿತ್ರಸಮೇತ ಅಂತರ್ಜಾಲಕ್ಕೆ ಏರಿತು. ಜಿಸ್ಕ್ ಹಣದಿಂದ 2000ದಿಂದ 2003ರವರೆಗೆ 'ಡಿಜಿಟಲ್ ಈಜಿಪ್ಟ್ ಫಾರ್ ಯೂನಿವರ್ಸಿಟೀಸ್' ನಡೆಯಿತು. ವಸ್ತುವಿನ ಪಕ್ಕಕ್ಕೇ ಅದು ಸಿಕ್ಕ ಗೋರಿ, ಆ ಗೋರಿಯ ಊರು, ಆ ಊರಿನ ನಕ್ಷೆ, ಕಾಲ, ಮೇಷ್ಟರಿಗೆ ಬೇಕಾದ ಟಿಪ್ಪಣಿ, ಎಲ್ಲ ಒಂದಕ್ಕೊಂದು ಹೆಣೆದ ಪುಟಗಳು. ಪೆಟ್ರಿಯ ರಟ್ಟಿನ ಪಟ್ಟಿಗಳಿಗೆ ಮೊಮ್ಮಕ್ಕಳು ಹುಟ್ಟಿದ ಹಾಗಾಯಿತು. ಬಿದ್ದುಹೋದ ಕಟ್ಟಡಗಳನ್ನು ಮೂರು ಆಯಾಮದಲ್ಲಿ ಮತ್ತೆ ಎಬ್ಬಿಸಿ, ಅವುಗಳೊಳಗೆ ಓಡಾಡುವ ಹಾಗೂ ಮಾಡಿದ್ದರು.

ಆಮೇಲೆ? ಮೂರು ವರ್ಷ ಮುಗಿಯಿತು, ಅನುದಾನ ಮುಗಿಯಿತು. ಪುಟಗಳು ಪುಣ್ಯಕ್ಕೆ ಇನ್ನೂ ಇವೆ, ಕಾಲೇಜು ಅವನ್ನು ಒಂದು ಮೂಲೆಯಲ್ಲಿ ಕಾಪಾಡಿಟ್ಟಿದೆ. ಆದರೆ ನೋಟವೆಲ್ಲ ಅಂದಿನದೇ. ಆ ಮೂರು ಆಯಾಮದ ಮಾದರಿಗಳನ್ನು ಕಟ್ಟಿದ ಕಡತದ ಬಗೆಯನ್ನು ಇಂದಿನ ಬ್ರೌಸರ್‌ಗಳು ತಾವಾಗಿ ತೆರೆಯುವುದಿಲ್ಲ. ಲಾಟರಿ ಹಣದ ತಾಣಗಳಲ್ಲಿ ಎಷ್ಟೋ ಹೇಳಹೆಸರಿಲ್ಲದಂತೆ ಮಾಯವಾದವು. ಐದು ಸಾವಿರ ವರ್ಷದ ಮಡಕೆ ಗಟ್ಟಿಯಾಗಿ ಕೂತಿದೆ, ಇಪ್ಪತ್ತು ವರ್ಷದ ಕಡತ ತೆರೆಯುವುದಿಲ್ಲ! ಉದ್ಘಾಟನೆಗೆ, ಫೋಟೋಗೆ ಒದಗುವ ದುಡ್ಡು ಎಲ್ಲ ಸರ್ಕಾರಗಳ ಬಳಿಯೂ ಇರುತ್ತದೆ. ವರ್ಷವರ್ಷವೂ ಕಡತ ಬದಲಿಸುವ, ಕೊಂಡಿ ಸರಿಪಡಿಸುವ, ಹೊಸ ಪಾಠ ಸೇರಿಸುವ ಒಬ್ಬ ನೌಕರನ ಸಂಬಳ ಎಂದರೆ ಎಲ್ಲರ ಮುಖವೂ ಸಪ್ಪಗಾಗುತ್ತದೆ. ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ. ಅಮೀಲಿಯಾ 1892ರಲ್ಲೇ ಅರಿತಿದ್ದ ಸಂಗತಿ ಇದು.

ಅವರ ಪೀಠ ಮಾತ್ರ ಶತಮಾನ ದಾಟಿ ನಡೆದುಬಂದಿದೆ. ಡಿಜಿಟಲ್ ಈಜಿಪ್ಟ್ ಕಟ್ಟಿದವರಲ್ಲಿ ಮುಖ್ಯರಾದ ಸ್ಟೀಫನ್ ಕ್ವರ್ಕ್ ಆಮೇಲೆ ಎಡ್ವರ್ಡ್ಸ್ ಪ್ರಾಧ್ಯಾಪಕರಾಗಿ ಅದೇ ಪೀಠದಲ್ಲಿ ಕೂತರು.

ಕನ್ನಡ ಬರುತ್ತದೆ ಅಂದಿದ್ದೆ. ಅಮೀಲಿಯಾ ಕಟ್ಟಿದ ಫಂಡಿನ ಪರವಾಗಿ 1896ರಲ್ಲಿ ಆಕ್ಸಿರಿಂಕಸ್ ಎಂಬ ಊರಿನಲ್ಲಿ ಮೊದಲು ಕೈಹಾಕಿದವನು ಪೆಟ್ರಿಯೇ. ಇದು ನನ್ನ ಜಾಯಮಾನದ್ದಲ್ಲ ಎಂದು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ತರುಣರಿಗೆ ಬಿಟ್ಟುಕೊಟ್ಟ. ಅವರು ಅಲ್ಲಿನ ತಿಪ್ಪೆಗಳನ್ನು ಅಗೆದು ರಾಶಿ ರಾಶಿ ಪಪೈರಸ್ ಹಾಳೆ ತೆಗೆದರು. ಅದರಲ್ಲೊಂದು ಗ್ರೀಕ್ ಪ್ರಹಸನ, 1903ರಲ್ಲಿ ಅಚ್ಚಾಯಿತು. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಕ್ಯಾರಿಟಿಯನ್ ಎಂಬ ಗ್ರೀಕ್ ಹುಡುಗಿ, ಹೆಂಡ ಕುಡಿದು ಬಿದ್ದ ರಾಜ, ತಪ್ಪಿಸಿಕೊಂಡು ಓಟ. ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು ಮರುವರ್ಷವೇ ಹೇಳಿದವರು ಶಾಸನತಜ್ಞ ಹುಲ್ಟ್ಜ್. ನಮ್ಮ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಎಲ್ಲ ಅದರ ಮೇಲೆ ತಲೆಕೆಡಿಸಿಕೊಂಡರು. ಒಪ್ಪದವರು ಇವತ್ತಿಗೂ ಇದ್ದಾರೆ. ಮಳೆಗೆ ಬೇಸತ್ತ ಹೆಂಗಸೊಬ್ಬಳ ಚಂದಾ ಹಣ ಎಲ್ಲಿಂದ ಎಲ್ಲಿಗೆ ಮುಟ್ಟಿತು ನೋಡಿ.

ಇಷ್ಟೆಲ್ಲ ಕೇಳಿದ ಮೇಲೆ ಲಂಡನ್ನಿಗೆ ಹೋಗಬೇಕೆಂದೇನಿಲ್ಲ. ಪೆಟ್ರಿ ಮ್ಯೂಸಿಯಂ ಪಟ್ಟಿ ಕಾಸಿಲ್ಲದೆ ಸಿಗುತ್ತದೆ. ಆ ಅಂಗಿಯ ಸಂಖ್ಯೆ ಯುಸಿ 28614ಬಿ. ಶಾಲೆಯ ಮೇಷ್ಟರು ಯಾರಾದರೂ ಕೇಳುತ್ತಿದ್ದರೆ ಬರೆದುಕೊಳ್ಳಿ, ಮಕ್ಕಳಿಗೆ ನೆರಿಗೆ ತೋರಿಸಿ. ಹಾಗೇ ಮೆಂಫಿಸ್ ಊರಿನಲ್ಲಿ ಪೆಟ್ರಿಗೆ ಸಿಕ್ಕ ಸುಟ್ಟಮಣ್ಣಿನ ತಲೆಗಳನ್ನೂ ನೋಡಿ. ಅವುಗಳಲ್ಲಿ ಕೆಲವು ಭಾರತದವರವು ಎಂದು ಅವನು 1908ರಲ್ಲಿ ಸಾರಿದ್ದ. ಈಗಿನ ವಿದ್ವಾಂಸರು ತಲೆಯಾಡಿಸುತ್ತಾರೆ, ಆಗಲಿಕ್ಕಿಲ್ಲ ಎನ್ನುತ್ತಾರೆ. ಅವರು ಹೇಳುವುದೇ ಸರಿ ಇರಬೇಕು. ಆದರೂ ಎಡಹೆಗಲ ಮೇಲೆ ಸೆರಗು ಹಾಕಿ ಕೂತ ಅಲ್ಲಿನ ಒಂದು ಬೊಂಬೆಯನ್ನು ನೋಡಿ, ಆಮೇಲೆ ನನ್ನ ಜೊತೆ ಜಗಳಕ್ಕೆ ಬನ್ನಿ.